ಸ್ಟ್ರೈಕರ್‌ಗೆ ಬಡಿಸಿದ ಹೋಳಿಗೆ

ಬೇರೆಯವರ ದುಡ್ಡಿನ ವಿಷಯದಲ್ಲಿ ಬುದ್ಧಿ ಹೇಳಲಿಕ್ಕೆ ನಿಂತರೆ ನನ್ನಷ್ಟು ಜಾಣ ಇಡೀ ಶಹಾಪುರದಲ್ಲಿ ಸಿಗಲಿಕ್ಕಿಲ್ಲ. ಭಾನುವಾರ ಔಷಧದ ಅಂಗಡಿ ಮುಚ್ಚಿ ಟಿವಿ ಮುಂದೆ ಕೂತೆನೆಂದರೆ, ಪರದೇಶದ ಫುಟ್‌ಬಾಲ್ ಕ್ಲಬ್ಬಿನವರಿಗೆ ನನ್ನಿಂದ ಬೈಗುಳ ತಪ್ಪಿದ್ದಲ್ಲ. ಒಬ್ಬ ಆಟಗಾರನಿಗೆ ಅಷ್ಟು ಕೋಟಿ ಸುರಿದರಂತೆ, ಅವನು ಮೊದಲನೇ ತಿಂಗಳೇ ಮಂಡಿ ಮುರಿದುಕೊಂಡನಂತೆ, ಈಗ ಮೈದಾನವನ್ನೇ ಒತ್ತೆ ಇಡಬೇಕಂತೆ. ಇಂಥ ಸುದ್ದಿ ಬಂದಾಗೆಲ್ಲ ನಾನು ತೊಡೆ ತಟ್ಟಿಕೊಂಡು ನಗುತ್ತಿದ್ದೆ. "ಹಾಸಿಗಿ ನೋಡದೇ ಕಾಲು ಚಾಚ್ಯಾರ, ಅನುಭವಿಸಲಿ" ಎನ್ನುತ್ತಿದ್ದೆ. ಹೋದ ವರ್ಷದಿಂದ ಅದೇ ಸುದ್ದಿಯನ್ನು ದನಿ ಸಣ್ಣದು ಮಾಡಿಕೊಂಡು ನೋಡುತ್ತೇನೆ. ಯಾಕೆಂಬುದನ್ನು ನನ್ನ ಹೆಂಡತಿ ಬಿಟ್ಟರೆ ಇನ್ನಾರಿಗೂ ಹೇಳಿಲ್ಲ.

ನಮ್ಮದೂ ಒಂದು ಕ್ಲಬ್ಬಿತ್ತು. ಹೈಸ್ಕೂಲು ಕಲಿಯುವಾಗ ಎಂಟು-ಹತ್ತು ಮಂದಿ ಗೆಳೆಯರು ಸೇರಿ ಕಟ್ಟಿದ್ದು. ಹೋದ ವರ್ಷದ ಹೊತ್ತಿಗೆ ನಮ್ಮಲ್ಲಿ ಓಡುವವರು ಯಾರೂ ಉಳಿದಿರಲಿಲ್ಲ. ಆಡುವವರು ಊರಿನ ಹೊಸ ಹುಡುಗರು, ನಾವು ಗೋಲು ಕಂಬದ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒದರುವವರು. ಊರ ಹೊರಗೆ, ಮಲಗಿದ ಬುದ್ಧನ ಗುಡ್ಡ ಪೂರ್ತಿ ಕಾಣುವ ಕಡೆ, ಶರಣಪ್ಪ ಸಾಹುಕಾರರ ಬಯಲನ್ನು ಬಾಡಿಗೆಗೆ ಹಿಡಿದಿದ್ದೆವು. ದಿನಾ ಸಂಜೆ ಅಲ್ಲಿ ಒಂದು ತಾಸು ಕೂಡದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಇಡೀ ದಿನ ಮಂದಿಯ ಕೆಮ್ಮು, ನೆಗಡಿ, ಸಕ್ಕರೆ ಕಾಯಿಲೆ ಕೇಳಿ ಕೇಳಿ ಸಾಕಾದವನಿಗೆ ಅದೊಂದೇ ಜಾಗ ನನ್ನದು ಅನ್ನಿಸುತ್ತಿತ್ತು.

ಸಾಹುಕಾರರು ಒಂದು ದಿನ ಕರೆಸಿ, ಎರಡು ವರ್ಷದ ಬಾಡಿಗೆ ಬಾಕಿ ಯುಗಾದಿಯೊಳಗೆ ಕೊಡದಿದ್ದರೆ ಬಯಲಿಗೆ ಪ್ಲಾಟು ಹಾಕಿಸುತ್ತೇನೆ ಅಂದರು. ಕ್ಲಬ್ಬಿನ ಖಜಾಂಚಿ ನಾನು. ಪೆಟ್ಟಿಗೆಯಲ್ಲಿದ್ದದ್ದು ಅದರ ಅರ್ಧ. ಕಾರ್ಯದರ್ಶಿ ಬಸಣ್ಣ, ಅವನದು ಹಾರ್ಡ್‌ವೇರ್ ಅಂಗಡಿ, ಇದ್ದದ್ದನ್ನು ಈಗಲೇ ಕೊಟ್ಟು ಉಳಿದದ್ದಕ್ಕೆ ಕೈಕಾಲು ಹಿಡಿಯೋಣ ಅಂದ. ನಾನು ಒಪ್ಪಲಿಲ್ಲ. ಯಾದಗಿರಿಯಲ್ಲಿ ಟೂರ್ನಮೆಂಟ್ ಇತ್ತು, ಗೆದ್ದವರಿಗೆ ದೊಡ್ಡ ಮೊತ್ತ. ಹೊರಗಿನ ಒಬ್ಬ ಆಟಗಾರನನ್ನು ತರಲಿಕ್ಕೆ ಪ್ರತಿ ತಂಡಕ್ಕೂ ಅವಕಾಶವಿತ್ತು. ಇರುವ ಅರ್ಧದಲ್ಲಿ ಗೋಲು ಹೊಡೆಯುವ ಒಬ್ಬ ಭಾರೀ ಸ್ಟ್ರೈಕರ್‌ನನ್ನು ತಂದರೆ ಕಪ್ಪೂ ಬಂತು, ಬಾಕಿಯೂ ಮುಟ್ಟಿತು ಎಂದು ನಾನೇ ಟೇಬಲ್ ಗುದ್ದಿ ಗುದ್ದಿ ಹೇಳಿದೆ. ಟಿವಿಯೊಳಗಿನವರನ್ನು ಬೈದವನು ಇವನೇ ಏನು ಎಂದು ಯಾರೂ ಕೇಳಲಿಲ್ಲ.

ಹಾಗೆ ಬಂದವನು ಖಾಲಿದ್. ರಾಯಚೂರಿನವನು, ಹೈದರಾಬಾದಿನ ಲೀಗಿನಲ್ಲಿ ಆಡುತ್ತಿದ್ದ. ಸಪೂರ ಆಳು, ಸಂಕೋಚದ ಮನುಷ್ಯ. ನಮ್ಮವರ ಜೊತೆ ಆಡಿ ಹೊಂದಿಕೊಳ್ಳಲಿ ಎಂದು ಎಂಟು ದಿನ ಮೊದಲೇ ಕರೆಸಿದೆವು. ಮೊದಲನೇ ದಿನ ಅವನು ಚೆಂಡು ಹೊಡೆದದ್ದನ್ನು ನೋಡಿ ಬಸಣ್ಣನ ಕಣ್ಣಲ್ಲಿ ನೀರು ಬಂತು.

ನಾವು ಕೆಟ್ಟದ್ದು ಎಲ್ಲಿ ಅಂದರೆ ಊಟದಲ್ಲಿ. ಬೇರೆ ಊರಿನವರು ಬಾಡಿಗೆ ಆಟಗಾರನನ್ನು ಲಾಡ್ಜಿನಲ್ಲಿಟ್ಟು ಖಾನಾವಳಿಯ ಚೀಟಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಕಡೆ ಅದು ಆಗುವ ಮಾತೇ? ಮನೆಗೆ ಬಂದವನು ಉಣ್ಣದೇ ಹೋದರೆ ಮನೆತನಕ್ಕೇ ಕುಂದು. ದಿನಕ್ಕೊಂದು ಮನೆ ಎಂದು ಪಾಳಿ ಹಚ್ಚಿದೆವು. ಮೊದಲನೇ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ. ಎರಡನೇ ಮನೆಯವರು ಅದನ್ನು ಕೇಳಿ ಹೂರಣದ ಕಡುಬು ಮಾಡಿಸಿದರು. ಮೂರನೆಯವನು ಸುರಪುರದಿಂದ ಅತ್ತೆಯನ್ನೇ ಕರೆಸಿ ಅಡಿಗೆಗೆ ನಿಲ್ಲಿಸಿದ. ಗೋಲ್‌ಕೀಪರ್ ರಫೀಕನ ಮನೆಯಲ್ಲಿ ಬಿರಿಯಾನಿ ಹಂಡೆ ಇಳಿಯಿತು. ಖಾಲಿದ್ ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೆ, ಹಿಡಿದ ಕೈಯನ್ನು ಪ್ರೀತಿಯಿಂದ ಸರಿಸಿ ಬಡಿಸಿದರು. ಆರನೇ ದಿನಕ್ಕೆ ಅವನು ನನ್ನ ಅಂಗಡಿಗೆ ಬಂದು ಮೆಲ್ಲಗೆ ಹೊಟ್ಟೆ ಉಬ್ಬರದ ಗುಳಿಗೆ ಕೇಳಿದ. ಅದನ್ನು ಕೊಟ್ಟು, ದುಡ್ಡು ಬೇಡವೆಂದು ದೊಡ್ಡಸ್ತಿಕೆ ತೋರಿಸಿದೆನೇ ಹೊರತು, ಇದು ಅಪಾಯದ ಸೂಚನೆ ಎಂದು ನನ್ನ ತಲೆಗೆ ಹೋಗಲಿಲ್ಲ.

ಆಟದ ದಿನ ಬೆಳಗಿನ ಪಾಳಿ ನಮ್ಮ ಮನೆಯದು. ನಮ್ಮಾಕೆ ಬುದ್ಧಿವಂತೆ. "ಇವತ್ತು ಓಡೋ ಮನಷ್ಯಾ ಅದಾನ, ಹಗೂರ ಉಪ್ಪಿಟ್ಟು ಮಾಡ್ಲೇನ್ರಿ?" ಎಂದು ಕೇಳಿದಳು. ನಾನು ರೇಗಿದೆ. ಬಸಣ್ಣನ ಮನೆಯಲ್ಲಿ ಐದು ಪಲ್ಯ ಬಡಿಸಿರುವಾಗ ಖಜಾಂಚಿಯ ಮನೆಯಲ್ಲಿ ಉಪ್ಪಿಟ್ಟೇ? ಶೇಂಗಾ ಹೋಳಿಗೆಯಾಯಿತು, ಮೇಲೆ ತುಪ್ಪ. ನಾನೇ ಎದುರಿಗೆ ಕೂತು, ನನ್ನ ಮೇಲೆ ಆಣೆ ಎಂದು ಐದನೆಯದನ್ನೂ ಹಾಕಿಸಿದೆ.

ಯಾದಗಿರಿಯಲ್ಲಿ ಆದದ್ದನ್ನು ಉದ್ದ ಹೇಳುವ ಮನಸ್ಸಿಲ್ಲ. ಮೊದಲನೇ ಪಂದ್ಯದಲ್ಲೇ ಸೋತು ಹೊರಬಿದ್ದೆವು. ಎದುರಿನ ಗೋಲ್‌ಕೀಪರ್ ಜಾರಿ ಬಿದ್ದಿದ್ದ, ಚೆಂಡು ಕಂಬದ ಮುಂದೆ ಸುಮ್ಮನೆ ನಿಂತಿತ್ತು, ಖಾಲಿದ್ ನಾಲ್ಕು ಹೆಜ್ಜೆ ಓಡಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಬಸಣ್ಣ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಮರುದಿನ ಬಸ್‌ಸ್ಟ್ಯಾಂಡಿಗೆ ಖಾಲಿದನನ್ನು ಬಿಡಲು ನಾನೊಬ್ಬನೇ ಹೋಗಿದ್ದೆ. ಅವನು ಕಿಸೆಯಿಂದ ನಾವು ಕೊಟ್ಟ ದುಡ್ಡಿನ ಲಕೋಟೆ ತೆಗೆದ. ಅದನ್ನು ಒಡೆದೇ ಇರಲಿಲ್ಲ.

"ಅಣ್ಣಾ, ನಾ ಆಡಿಲ್ಲ, ಬರೀ ಉಂಡೀನಿ. ಇದು ನನಗ ದಕ್ಕಂಗಿಲ್ಲ, ವಾಪಸ್ ಇಟ್ಕೋರಿ" ಎಂದ.

ನನ್ನ ಕೈ ಅರ್ಧ ಮುಂದೆ ಹೋಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಾಲಿಗೆ ಕೈಗಿಂತ ಮೊದಲು ಓಡಿತು. "ಉಂಡ ಮನಷ್ಯಾನ ಕೈಯಾಗಿಂದು ರೊಕ್ಕ ಇಸ್ಕೊಳ್ಳೋ ಮಂದಿ ಅಲ್ಲಪಾ ನಾವು" ಎಂದುಬಿಟ್ಟೆ. ಆ ಮಾತು ಬಾಯಿಂದ ಬಂದಾಗ ನನಗೆ ನಾನೇ ಭಾರೀ ದೊಡ್ಡ ಮನುಷ್ಯನಂತೆ ಕಂಡೆ. ಲಕೋಟೆಯನ್ನು ಅವನ ಕಿಸೆಗೇ ತುರುಕಿ, ಮನೆಯಿಂದ ತಂದಿದ್ದ ಹೋಳಿಗೆಯ ಗಂಟನ್ನೂ ಕೈಗಿಟ್ಟು, ಬಸ್ಸು ಹೋಗುವ ತನಕ ಕೈ ಬೀಸಿದೆ.

ವಾರದ ಮೇಲೆ ಶರಣಪ್ಪ ಸಾಹುಕಾರರು ಬಿಪಿ ಗುಳಿಗೆಗೆಂದು ಅಂಗಡಿಗೆ ಬಂದರು. ಚಿಲ್ಲರೆ ಎಣಿಸಿಕೊಳ್ಳುತ್ತಾ, "ನಿಮ್ಮ ಹುಡುಗರು ಆಡೋದು ನೋಡಿ ಪ್ಲಾಟು ಹಾಕಸಲಿಕ್ಕೆ ನಂಗೂ ಮನಸ್ಸಾಗವಲ್ತು. ಅರ್ಧ ತಂದು ಕೊಡ್ರಿ, ಇನ್ನೊಂದು ವರ್ಷ ಸುಮ್ಮ ಇರ್ತೀನಿ" ಅಂದರು. ಗುಳಿಗೆಯನ್ನು ಪೊಟ್ಟಣ ಕಟ್ಟಿ ಅವರ ಕೈಗಿಟ್ಟೆ. ಆಗಲಿ ಅಂದೆ. ಎಲ್ಲಿಂದ ತರುವುದು? ಅಂಗಡಿಯ ಸಾಲದ ಕಂತಿಗೇ ಒದ್ದಾಡುತ್ತಿದ್ದೆ, ಗೆಳೆಯರ ಹತ್ತಿರ ಇನ್ನೊಮ್ಮೆ ಕೈ ಚಾಚಲು ಮುಖವಿರಲಿಲ್ಲ. ಯುಗಾದಿಯಾಯಿತು, ಬಯಲಿಗೆ ಕಲ್ಲು ನೆಟ್ಟರು. ಪೆನಾಲ್ಟಿ ಹೊಡೆಯುವ ಜಾಗದಲ್ಲಿ ಹದಿನಾಲ್ಕನೇ ನಂಬರಿನ ಪ್ಲಾಟು. ನಮ್ಮ ಹುಡುಗರು ಈಗ ಸಂಜೆ ಎಲ್ಲಿ ಹೋಗುತ್ತಾರೋ ಗೊತ್ತಿಲ್ಲ. ನಾನು ಅಂಗಡಿಯಲ್ಲೇ ಕೂತಿರುತ್ತೇನೆ. ಆಗಾಗ ಬಸಣ್ಣ ಬಂದು, ಆ ಖಾಲಿದ್ ನಮ್ಮ ರೊಕ್ಕ ಹೊಡಕೊಂಡು ಹೋದ ಎಂದು ಬೈಯುತ್ತಾನೆ. ಅವನು ಲಕೋಟೆ ವಾಪಸ್ ಕೊಡಲು ಬಂದದ್ದನ್ನು ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಹೋದ ವಾರ ಖಾಲಿದ್ ಫೋನು ಮಾಡಿದ್ದ. ಎಲ್ಲರೂ ಆರಾಮಿದ್ದಾರಾ, ಬಸಣ್ಣ ನೆನೆಸುತ್ತಾನಾ, ಗ್ರೌಂಡ್ ಹ್ಯಾಂಗದ ಎಂದು ಕೇಳಿದ. ಎಲ್ಲಾ ಛಲೋ ಅದ, ಬಸಣ್ಣ ದಿನಾ ನಿನ್ನ ಹೊಗಳತಾನ, ಗ್ರೌಂಡ್ ಮೊದಲಿನಕಿಂತ ಛಲೋ ಆಗ್ಯಾದ, ಈ ಕಡೆ ಬಂದರೆ ಊಟಕ್ಕೆ ಮನೀಗೇ ಬಾ ಎಂದೆ. ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ಊಟಕ್ಕೆ ಕರೆದದ್ದೊಂದನ್ನು ಬಿಟ್ಟರೆ ಅಷ್ಟು ಮಾತಿನಲ್ಲಿ ಒಂದೂ ನಿಜವಿರಲಿಲ್ಲ.