ಇನ್ನಾಸಪ್ಪನವರ ಜಪಸರ ದಿಗ್ವಿಜಯ

ಇನ್ನಾಸಪ್ಪನವರಿಗೆ ಅವಮಾನವಾದದ್ದು ಲಷ್ಕರ್ ಮೊಹಲ್ಲಾದ ಅವರ ಸ್ವಂತ ಮನೆಯಲ್ಲಿ, ಅದೂ ಬಾಯಲ್ಲಿ ಉಪ್ಪಿಟ್ಟು ಇರುವಾಗ.

"ಅಕ್ಟೋಬರ್ ಹನ್ನೆರಡಕ್ಕೆ ಮಾತೆ ಸ್ವರೂಪ ನಮ್ಮನೆಗೆ ಬರುತ್ತೆ. ಜಪಸರ ನಡೆಸೋಕೆ ಸವರಪ್ಪ ಮೇಷ್ಟ್ರಿಗೆ ಹೇಳ್ಬುಟ್ಟಿದೀನಿ," ಎಂದರು ಅವರ ಹೆಂಡತಿ ಲೂರ್ದಮ್ಮ.

ಅಕ್ಟೋಬರ್ ಬಂತೆಂದರೆ ಮರಿಯಮಾತೆಯ ಸ್ವರೂಪ, ಅಂದರೆ ಪ್ರತಿಮೆ, ಬೀದಿಯ ಕ್ರೈಸ್ತರ ಮನೆಗಳಿಗೆಲ್ಲ ಸಂಜೆಗೊಂದರಂತೆ ಬರುತ್ತದೆ. ಆಯಾ ಮನೆಯ ಯಜಮಾನ ಜಪಸರದ ಮಣಿ ಎಣಿಸುತ್ತ ಪ್ರತಿ ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಸೇರಿದವರು ಉಳಿದರ್ಧ ಹೇಳಬೇಕು. ಇದು ಪದ್ಧತಿ. ಬೇರೆಯವರಿಂದ ಮಾಡಿಸಿದರೆ ಯಜಮಾನನ ಕೈಲಾಗುವುದಿಲ್ಲವೆಂದು ಬೀದಿಗೆಲ್ಲ ಡಂಗುರ ಸಾರಿದಂತೆ.

"ಯಾಕೆ, ನಾನೇನು ಸತ್ತೋಗಿದೀನಾ?"

"ಸತ್ತಿಲ್ಲ ರೀ, ಮಲಗಿರ್ತೀರ. ಹತ್ತು ಮಣಿ ದಾಟೋದ್ರೊಳಗೆ ಗೊರಕೆ ಶುರುವಾಗುತ್ತೆ. ದಿನಾ ಪ್ರಾರ್ಥನೆ ಮಾಡೋ ಅಭ್ಯಾಸ ಇದ್ರೆ ತಾನೇ?"

(ಮಾತು ನಿಜವೇ. ಆದರೆ ಗಂಡಸು ತಿಂಡಿ ತಿನ್ನುವಾಗ ನಿಜ ಹೇಳಬಾರದು.)

ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿ ಸಾವಿರಾರು ಪ್ರಯಾಣಿಕರನ್ನು ಒಂದೇ ಸೀಟಿಯಲ್ಲಿ ಆಳಿದ ಜೀವಕ್ಕೆ ಈ ಮಾತು ನಾಟಿತು. ಇನ್ನಾಸಪ್ಪನವರು ತಟ್ಟೆ ಸರಿಸಿ ಎದ್ದು ನಿಂತರು.

"ಇನ್ನೂ ಮೂವತ್ತು ದಿನ ಇದೆ. ನಾಳೆಯಿಂದ ಬೆಳಿಗ್ಗೆ ಐದಕ್ಕೆ ಜಪಸರ. ಒಂದು ದಿನ ತಪ್ಪಿದ್ರೂ ನನ್ನ ಹೆಸರು ಇನ್ನಾಸಪ್ಪ ಅಲ್ಲ!"

"ಮತ್ತೇನಂತ ಕರೀಲಿ, ಈಗ್ಲೇ ಹೇಳ್ಬುಡಿ. ರೂಢಿ ಮಾಡ್ಕೋತೀನಿ."

"ನಗ್ತೀಯಾ ನಗು. ಉತ್ತರ ಹೇಳೋಕೆ ಅಂತ ನೀನು ಹತ್ರಾನೂ ಬರಬೇಡ. ಎಲ್ಲ ನಾನೊಬ್ನೇ ಮಾಡ್ತೀನಿ!"

ಮರುದಿನದಿಂದಲೇ ತಾರಸಿಯ ಮೇಲೆ ತಪಸ್ಸು ಆರಂಭವಾಯಿತು. ಮೊದಲ ದಿನ ಮೊಣಕಾಲೂರಿದರು, ಹಾಗೇ ಮಗ್ಗುಲಿಗೆ ವಾಲಿದರು. ಎರಡನೆಯ ದಿನ ನಿಂತುಕೊಂಡರು, ನಿಂತಲ್ಲೇ ತೂಕಡಿಸಿದರು. ಮೂರನೆಯ ದಿನ ಉಪಾಯ ಹೊಳೆಯಿತು. ಜಪಸರ ಹಿಡಿದು ನೀರಿನ ಟ್ಯಾಂಕಿನ ಸುತ್ತ ನಡೆಯತೊಡಗಿದರು. ಉತ್ತರ ಹೇಳಲು ಯಾರೂ ಇಲ್ಲದ್ದರಿಂದ ಮೊದಲರ್ಧವನ್ನೂ ಉಳಿದರ್ಧವನ್ನೂ ಕೊನೆಯ ಆಮೆನ್ನನ್ನೂ ತಾವೇ ಹೇಳಿಕೊಂಡರು.

ಪಕ್ಕದ ಮನೆಯ ಸುಮಿತ್ರಮ್ಮ ಕಾಂಪೌಂಡಿನಿಂದ ಇಣುಕಿ, "ಬೆಳ್ಬೆಳಿಗ್ಗೆ ಯಾರ ಜೊತೆ ಜಗಳ ಸಾರ್?" ಎಂದು ಕೇಳಿದ್ದುಂಟು. ಅವರು ಜಗ್ಗಲಿಲ್ಲ. ಇಪ್ಪತ್ತನೆಯ ದಿನದ ಹೊತ್ತಿಗೆ ಅಲಾರಂ ಬೇಕಿರಲಿಲ್ಲ. ಕಾಲು ತಾನಾಗಿ ತಿರುಗುತ್ತಿತ್ತು, ನಾಲಗೆ ತಾನಾಗಿ ಓಡುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಲೂರ್ದಮ್ಮನಿಗೇ ಸೋಜಿಗವಾಗಿ, ಸವರಪ್ಪ ಮೇಷ್ಟ್ರಿಗೆ ಬೇಡವೆಂದು ಹೇಳಿ ಬಂದರು.

ಹನ್ನೆರಡನೆಯ ತಾರೀಖಿನ ಸಂಜೆ ನಡುಮನೆಯ ಮೇಜಿನ ಮೇಲೆ ಮಾತೆಯ ಸ್ವರೂಪ, ಸೇವಂತಿಗೆ, ಮೇಣದಬತ್ತಿ. ಎದುರಿಗೆ ಮೂವತ್ತು ಜನ. ಮೇಷ್ಟ್ರು, ಎಲ್ಲಿಯಾದರೂ ತಮ್ಮ ಸಹಾಯ ಬೇಕಾದೀತೆಂದು, ಮುಂದಿನ ಸಾಲಿನಲ್ಲೇ ಕೂತಿದ್ದರು.

ಇನ್ನಾಸಪ್ಪನವರು ಶಿಲುಬೆಯ ಗುರುತು ಹಾಕಿ ಗಂಭೀರವಾಗಿ "ನಮೋ ಮರಿಯ" ಎಂದು ಶುರುಮಾಡಿದರು. ಅರ್ಧ ಮುಗಿಯಿತು. ಉತ್ತರ ಹೇಳಲು ಮೂವತ್ತು ಬಾಯಿ ತೆರೆದವು. ಅಷ್ಟರಲ್ಲಿ ಇನ್ನಾಸಪ್ಪನವರು ಉಳಿದರ್ಧವನ್ನೂ ಹೇಳಿ, ಆಮೆನ್ನೂ ಮುಗಿಸಿ, ಮುಂದಿನ ಮಣಿ ಹಿಡಿದಿದ್ದರು. ಮೂವತ್ತು ಬಾಯಿ ಮುಚ್ಚಿದವು. ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದವರನ್ನು ಬಿಟ್ಟು ಹೋಗುವ ಬಸ್ಸಿನಂತೆ ಪ್ರಾರ್ಥನೆ ಸಾಗಿತು. ನಿಲ್ಲಿಸಬೇಕೆಂದು ಇನ್ನಾಸಪ್ಪನವರಿಗೂ ಹೊಳೆಯಿತು. ಆದರೆ ಮೂವತ್ತು ದಿನ ಪಳಗಿದ ನಾಲಗೆ ಅವರ ಮಾತು ಕೇಳಲಿಲ್ಲ.

ಕಾಲೂ ಕೇಳಲಿಲ್ಲ. ಹತ್ತನೆಯ ಮಣಿಗೆ ಎದ್ದರು, ಹನ್ನೊಂದಕ್ಕೆ ಮೇಜಿನ ಸುತ್ತ ನಡೆಯತೊಡಗಿದರು. ಇದೇನೋ ಹೊಸ ಮೆರವಣಿಗೆಯೆಂದು ಇಬ್ಬರು ಅಜ್ಜಿಯರು ಮೇಣದಬತ್ತಿ ಹಿಡಿದು ಹಿಂದೆ ಹೊರಟರು. ಅರ್ಧ ಗಂಟೆಯ ಜಪಸರ ಹದಿನಾಲ್ಕು ನಿಮಿಷಕ್ಕೆ ಮುಗಿದಾಗ ಅಜ್ಜಿಯರು ಏದುಸಿರು ಬಿಡುತ್ತಿದ್ದರು.



"ಅಲ್ಲ ಇನ್ನಾಸಪ್ಪನೋರೆ, ನಮ್ಮನ್ನ ಕರೆಸಿದ್ದು ಯಾಕೆ?" ಎಂದರು ಮೇಷ್ಟ್ರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ," ಎಂದರು ಲೂರ್ದಮ್ಮ. "ನಮ್ಮನೇಲಿ ಮದುವೆ ಆದಾಗಿಂದ್ಲೂ ಇಂಗೇ ಕಣ್ರೀ. ಪ್ರಶ್ನೆನೂ ಇವರದ್ದೇ, ಉತ್ತರಾನೂ ಇವರದ್ದೇ."

ನಡುಮನೆಯಲ್ಲಿ ನಗೆ ಸಿಡಿಯಿತು. ಇನ್ನಾಸಪ್ಪನವರಿಗೆ ಕಿವಿಯವರೆಗೂ ಉರಿದುಹೋಯಿತು. ಸೋಲೊಪ್ಪುವುದೇ? ಛೆ!

"ನಗ್ರಪ್ಪ, ನಗಿ! ಒಂದು ಮಣಿ ತಪ್ಪಿದೀನಾ? ಒಂದು ಸಲ ತೂಕಡಿಸಿದೀನಾ? ಮುಂದಿನ ವರ್ಷಾನೂ ಈ ಮನೇಲಿ ನಾನೇ ನಡೆಸೋದು! ಅಲ್ಲೀವರ್ಗೂ ದಿನಾ ಐದು ಗಂಟೆಗೆ ಎದ್ದು, ಈ ಲೂರ್ದು ಉತ್ತರ ಹೇಳೋವರ್ಗೂ ಬಾಯಿ ಮುಚ್ಕೊಂಡು ಕಾದು, ಒಂದು ದಿನಾನೂ ಬಿಡದೆ ಜಪಸರ ಮಾಡ್ತೀನಿ. ಮಾತೆ ಸ್ವರೂಪದ ಮುಂದೆ ನಿಂತು ಹೇಳ್ತಿದೀನಿ!"

ಹೇಳಿದ ಮೇಲೆಯೇ ತಾವೇನು ಹೇಳಿದೆವೆಂಬುದು ಅವರಿಗೆ ಅರಿವಾದದ್ದು. ಮಾತು ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಉಸಿರೆಳೆದುಕೊಂಡು ಒಂದು ಕ್ಷಣ ನಿಂತರು.

ಆ ಸಂಜೆ ಅವರು ನಿಂತದ್ದು ಅದೊಂದೇ ಕಡೆ. ಸಿಕ್ಕ ಅವಕಾಶವನ್ನು ಮೂವತ್ತು ಜನರೂ ಬಿಡಲಿಲ್ಲ.

"ಆಮೆನ್!" ಎಂದರು ಒಕ್ಕೊರಲಿನಲ್ಲಿ. ಎಲ್ಲರಿಗಿಂತ ಜೋರಾಗಿ ಹೇಳಿದವರು ಲೂರ್ದಮ್ಮ.