ಆಡಳಿತಾಧಿಕಾರಿಗಳು ಬಾತಿನಂತೆ ನಡೆಯುವ ಕುರಿತು

ಆಡಳಿತ ವಿಭಾಗ, ಅನಿಮೇಷನ್ ಸ್ಟುಡಿಯೋ, ವೈಟ್‌ಫೀಲ್ಡ್
ಕಡತ ಸಂಖ್ಯೆ: ಆವಿ/ನಡಿಗೆ/ಬಾತು/03

ವಿಷಯ: ಆಡಳಿತಾಧಿಕಾರಿ ಶ್ರೀ ರಾಮಪ್ರಸಾದ ಅವರು ಮೊದಲಿನಂತೆ ನಡೆಯುವ ಬಗ್ಗೆ.

ಉಲ್ಲೇಖ: 1) ಅನಿಮೇಟರ್ ಕು. ಶರಣ್ಯ ಅವರ ದೂರು.
2) ಶ್ರೀಮತಿ ಸುಬ್ಬಲಕ್ಷ್ಮಿಯವರ ದೂರವಾಣಿ ಹೇಳಿಕೆ.

ವರ್ತೂರು ಕೆರೆಯ ನೊರೆಗೆ ಬೇಸತ್ತು ಬೇರೆ ಕೆರೆ ಹುಡುಕಿಕೊಂಡು ಹೊರಡುವ ಮುದಿ ಬಾತು ದಂಪತಿಯ ಕಿರುಚಿತ್ರ ಇಲ್ಲಿ ತಯಾರಾಗುತ್ತಿರುವುದು ಸರಿಯಷ್ಟೆ. ಗಂಡುಬಾತಿನ ನಡಿಗೆಗೆ ಜೀವ ಬರಲೆಂದು ಶರಣ್ಯ ಅವರು ಆನೇಕಲ್ ಸಂತೆಯ ಬಾತುಗಳನ್ನೆಲ್ಲ ನೋಡಿ ಬಂದರೂ ಪ್ರಯೋಜನವಾಗದೆ, ಕಾರಿಡಾರಿನಲ್ಲಿ ಓಡಾಡುವ ರಾಮಪ್ರಸಾದ ಅವರನ್ನು ಫೋನಿನಲ್ಲಿ ಸೆರೆಹಿಡಿದು, ಅದೇ ನಡಿಗೆಯನ್ನು ಬಾತಿಗೆ ಕೊಟ್ಟಿರುತ್ತಾರೆ. ಪೀಣ್ಯದ ಕಾರ್ಖಾನೆಯಿಂದ ನಿವೃತ್ತರಾಗಿ ಬಂದ ಸದರಿಯವರು ಎಡಭುಜ ಇಳಿಬಿಟ್ಟು, ಪಾದ ಹೊರಚೆಲ್ಲಿ, ಆಗಾಗ ಹಿಂತಿರುಗಿ ನೋಡುತ್ತಾ ನಡೆಯುವುದು ಸರ್ವವಿದಿತ.

ಪ್ರಾಯೋಗಿಕ ಪ್ರದರ್ಶನದಲ್ಲಿ ಅವರ ಪತ್ನಿ ಸುಬ್ಬಲಕ್ಷ್ಮಿಯವರು "ರೀ, ಆ ಬಾತು ನೀವೇ ಕಣ್ರೀ" ಎಂದು ಎಲ್ಲರೆದುರು ಹೇಳಿದ್ದರಿಂದ ಸದರಿಯವರಿಗೆ ನಾಚಿಕೆಯಾಗಿ, ಅಂದಿನಿಂದ ಪರೇಡಿನ ಪೊಲೀಸರಂತೆ ನಡೆಯುತ್ತಿದ್ದಾರೆ. ಬಾತು ಹಿಂತಿರುಗಿ ನೋಡುವ ಕೊನೆಯ ದೃಶ್ಯ ಇನ್ನೂ ಬಾಕಿ ಇದೆ. ಶುಕ್ರವಾರ ಚಿತ್ರ ಒಪ್ಪಿಸದಿದ್ದರೆ ಶರಣ್ಯ ಅವರ ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುವುದರಿಂದ, ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಸದರಿಯವರು ತಕ್ಷಣದಿಂದ ಸಹಜವಾಗಿ ನಡೆಯತಕ್ಕದ್ದು. ಸಹಜತೆಯ ಅಭ್ಯಾಸಕ್ಕೆ ಊಟದ ನಂತರ ಅರ್ಧ ಗಂಟೆ ಮಂಜೂರಾಗಿದೆ.

2. ಅವರು ನಡೆಯುವಾಗ ಯಾರೂ ನೋಡಕೂಡದು. ನೋಡಲೇಬೇಕಾದವರು ಕಾಫಿ ಲೋಟದ ಮರೆಯಿಂದ ನೋಡುವುದು. ಲೋಟ ಖಾಲಿಯಿದ್ದರೂ ಅಡ್ಡಿಯಿಲ್ಲ.

3. ಬಾತಿನ ನಡಿಗೆಯನ್ನು ಸ್ವತಃ ನಡೆದು ನೋಡುವ ಅನಿಮೇಟರುಗಳು ಕೊರಳಲ್ಲಿ "ಆರೋಗ್ಯವಾಗಿದ್ದೇನೆ" ಎಂಬ ಫಲಕ ಧರಿಸತಕ್ಕದ್ದು. ಸೆಕ್ಯೂರಿಟಿ ಸಂಗಣ್ಣ ಅವರು ಇಂಥ ಒಬ್ಬರನ್ನು "ಯಾಕ್ರೀ ಸರ, ಕಾಲು ಉಳುಕೈತೇನ್ರಿ" ಎನ್ನುತ್ತಲೇ ಎತ್ತಿ ಆಟೋದಲ್ಲಿ ಕೂರಿಸಿದ ಪ್ರಕರಣ ಮರುಕಳಿಸಬಾರದು.

4. ಸದರಿಯವರು ಹಿಂತಿರುಗಿ ನೋಡುವುದು ಸ್ಕೂಟರಿನ ಬೀಗ ನೆನಪಾಗಿ ಎಂದು ಈ ವಿಭಾಗ ಭಾವಿಸಿತ್ತು. ಅದರಂತೆ ಸ್ಕೂಟರನ್ನು ಲಿಫ್ಟಿನಲ್ಲಿ ಮೇಲೆ ತಂದು, ಬೀಗ ಹಾಕದೆ, ಅವರ ಬೆನ್ನ ಹಿಂದೆ ನಿಲ್ಲಿಸಿ ಪರೀಕ್ಷಿಸಲಾಯಿತು. ಅವರು ತಿರುಗಲಿಲ್ಲ. ಸ್ಕೂಟರನ್ನು ಕೆಳಗಿಳಿಸುವ ಕಡತ ಪ್ರತ್ಯೇಕವಾಗಿ ಚಾಲ್ತಿಯಲ್ಲಿದೆ.

5. ಈ ಬಗ್ಗೆ ಶರಣ್ಯ ಅವರು ಫೋನಿನಲ್ಲಿ ವಿಚಾರಿಸಲಾಗಿ, ಸುಬ್ಬಲಕ್ಷ್ಮಿಯವರು "ಸ್ಕೂಟರ್‌ಗಲ್ಲಮ್ಮ. ನಂಗೆ ಮಂಡಿ ನೋವು, ಹಿಂದೆ ಉಳ್ಕೊಂಡ್ಬಿಡ್ತೀನಿ. ಬಂದ್ಲಾ ಅಂತ ನೋಡಿ ನೋಡಿ ಅವ್ರಿಗೆ ಅಭ್ಯಾಸ ಆಗೋಗಿದೆ" ಎಂದು ತಿಳಿಸಿರುತ್ತಾರೆ. ಅಂದು ಮಧ್ಯಾಹ್ನ ಶರಣ್ಯ ಅವರಿಂದ ಯಾವ ಕೆಲಸವೂ ಆಗಿರುವುದಿಲ್ಲ. ಆ ಅವಧಿಯನ್ನು ಕರ್ತವ್ಯವೆಂದೇ ಪರಿಗಣಿಸಲಾಗಿದೆ.

ಸಹಿ/-
ರಾಮಪ್ರಸಾದ
ಆಡಳಿತಾಧಿಕಾರಿ
(ಈ ಸುತ್ತೋಲೆಯನ್ನು ಸಹಿ ಮಾಡಿದವರು ಓದಿಲ್ಲವೆಂಬ ಷರತ್ತಿಗೊಳಪಟ್ಟು)

ಪ್ರತಿಗಳು:
1. ಸಂಗಣ್ಣ ಅವರಿಗೆ, ಯಾರು ಕುಂಟಿದರೂ ಎತ್ತದಿರಲು.
2. ಕು. ಶರಣ್ಯ ಅವರಿಗೆ, ಗುರುವಾರ ಬೆಳಿಗ್ಗೆ ಕ್ಯಾಮೆರಾ ಸಿದ್ಧವಿಡಲು.
3. ಶ್ರೀಮತಿ ಸುಬ್ಬಲಕ್ಷ್ಮಿಯವರಿಗೆ, ಅಂದು ಕಚೇರಿಗೆ ಆಗಮಿಸಿ, ಸದರಿ ಅಧಿಕಾರಿಗಳ ಹಿಂದೆ ಅವರಿಗೆ ತಿಳಿಯದಂತೆ ನಡೆಯಲು ಕೋರಿ. ಮೆಟ್ಟಿಲು ಹತ್ತಬೇಡ, ಲಿಫ್ಟ್ ಇದೆ. ನಿಧಾನವಾಗಿ ಬಾ.