ಅಶ್ವಜಿತನ ಮಾಕ್ ಡ್ರಿಲ್

ಬೆಳಿಗ್ಗೆ ಒಂಬತ್ತಕ್ಕೆ ಕಲೀಮನ ಫೋನ್ ಬಾರದೇ ಇದ್ದಿದ್ದರೆ ಅಶ್ವಜಿತ ಅಂದೂ ಹೋಸ್ ಪೈಪನ್ನು ಬಿಸಿಲಿಗೆ ಹಾಕಿ, ಅದರ ಪಕ್ಕದಲ್ಲಿ ತಾನೂ ಒಣಗುತ್ತ ಕೂತಿರುತ್ತಿದ್ದ.

ಕಲೀಮ ಬೀದರಿನ ಅಗ್ನಿಶಾಮಕ ಇಲಾಖೆಯ ದೊಡ್ಡ ಸಾಹೇಬರ ಜೀಪಿನ ಡ್ರೈವರ್. "ಭಾಯಿ, ಯಾರಿಗೂ ಹೇಳಬ್ಯಾಡ್ರಿ. ಸಾಹೇಬರು ಇವತ್ತ ನಿಮ್ಮ ಕಡಿ ಬರ್ಲತ್ತಾರ. ಖಬರ್ ಕೊಡದೇ ಮಾಕ್ ಡ್ರಿಲ್. ಬೆಂಕಿ ಬಿದ್ದದಂತ ಸುಳ್ಳು ಫೋನ್ ಬರ್ತದ. ನಿಮ್ಮ ಟ್ರಾನ್ಸ್‌ಫರ್ ಅರ್ಜಿ ಅವರ ಚೀಲದಾಗೇ ಅದ, ನೆನಪಿರ್ಲಿ."

ಅಶ್ವಜಿತ ಬೆಂಕಿ ಗಾಡಿ ಒರೆಸಲು ಬಟ್ಟೆ ಹುಡುಕಿದ. ಠಾಣಾ ಕುಶನೂರ ದಾಟಿ, ರಾಜ್ಯದ ಗಡಿಗೆ ಅಂಟಿಕೊಂಡ ಆ ಸಣ್ಣ ಅಗ್ನಿಶಾಮಕ ಠಾಣೆಯಲ್ಲಿ ಅವನು ಆರು ವರ್ಷದಿಂದ ಇದ್ದ. ಹೆಂಡತಿ ಪೂನಮ ಭಾಲ್ಕಿಯಲ್ಲಿ ನರ್ಸು. ಮಗಳು ಅವನನ್ನು ಭಾನುವಾರ ಬರುವ ನೆಂಟನಂತೆ ನೋಡುತ್ತಿದ್ದಳು. ಭಾಲ್ಕಿಗೆ ಕಳಿಸಿ ಎಂದು ಅವನು ಕೊಟ್ಟ ನಾಲ್ಕನೆಯ ಅರ್ಜಿ ಅದು.

ಹತ್ತೂವರೆಗೆ ಠಾಣೆಯ ಫೋನ್ ಬಡಿದುಕೊಂಡಿತು. "ನಾ ಸುಭದ್ರಾಬಾಯಿ, ಹಳ್ಳದ ಆಚಿ ಹೊಲದಾಕಿ. ಸೋಯಾಬೀನ್ ಬಣವಿ ಉರಿಲತ್ತದ್ರಿ, ಜಲ್ದಿ ಬರ್ರಿ."

ಬಂದ ನಂಬರಿಗೆ ಮರಳಿ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವುದು ಠಾಣೆಯ ಪದ್ಧತಿ. ಅಶ್ವಜಿತ ಅದನ್ನೂ ಬಿಡಲಿಲ್ಲ.

"ಈಗ ಫೋನ್ ಮಾಡಿದವರು ನೀವೇ ಏನ್ರಿ ಬಾಯಿ?"

"ಹೌದು, ಲಗ್ನಕ್ಕ ಕರಿಲಾಕ ಮಾಡೀನಿ. ಮನಿ ಮ್ಯಾಲ ಕಿಡಿ ಹಾರ್ಲತ್ತಾವ, ಮೂಳಾ, ನೀ ಹರಟಿ ಹೊಡಿಲತ್ತಿ."

ಅಶ್ವಜಿತ ಡ್ರೈವರ್ ದಸ್ತಗೀರನ ಕಡೆ ತಿರುಗಿದ. "ಸಾಹೇಬರು ಭಾರಿ ಹೆಣ್ಮಗಳನ್ನ ಹಿಡದಾರ. ಬೈಗುಳ ಸುದ್ದಾ ಕಲಿಸ್ಯಾರ. ನಡಿ."

ಎಂದೂ ಹಾಕದ ಹೆಲ್ಮೆಟ್ಟುಗಳು ಅಂದು ಠಾಣೆಯ ನಾಲ್ಕೂ ತಲೆಗಳ ಮೇಲೆ ಕೂತವು. ಹನ್ನೊಂದು ನಿಮಿಷಕ್ಕೆ ಗಾಡಿ ಹೊಲ ಮುಟ್ಟಿತು.

ಬಣವೆಯ ಉರಿ ಬೇವಿನ ಮರದೆತ್ತರ ಎದ್ದಿತ್ತು. ದಸ್ತಗೀರ ಸ್ಟೇರಿಂಗ್ ಮೇಲಿಂದ ಕತ್ತು ಚಾಚಿದ. "ಬೆಂಕಿ ಖರೇನೇ ಹಚ್ಚ್ಯಾರಲ್ಲೋ."

"ಬೀದರ್ ಸಾಹೇಬರ ಡ್ರಿಲ್ ಅಂದ್ರ ಏನ್ ತಿಳಿದಿ?"

ಊರಿನವರು ಸುಮ್ಮನೆ ನಿಲ್ಲುವ ಜನವಲ್ಲ. ನೆತ್ತಿಗೆ ಹೊಡಿರಿ ಎಂದು ಒಬ್ಬ, ಬುಡಕ್ಕ ಹೊಡಿರಿ ಎಂದು ಇನ್ನೊಬ್ಬ, ಉಳಿದವರು ಮೊಬೈಲ್ ಎತ್ತಿ ಹಿಡಿದವರು. ಅವರಲ್ಲಿ ಸಾಹೇಬರ ಗೂಢಚಾರ ಯಾರೋ ಗೊತ್ತಿಲ್ಲದ ಅಶ್ವಜಿತ ಎಲ್ಲರಿಗೂ ಹಲ್ಲು ತೋರಿಸಿದ. ಗಾಳಿ ನೋಡಿದ, ಮೊದಲು ಮನೆಯ ತಗಡಿಗೆ ನೀರು ಹೊಡೆಸಿದ, ಕೊಟ್ಟಿಗೆಗೆ ನುಗ್ಗಿ ಎಮ್ಮೆ ಬಿಚ್ಚಿದ. ಆರು ವರ್ಷದಲ್ಲಿ ಮಾಡದ ಕೆಲಸ ಅರ್ಧ ಗಂಟೆಯಲ್ಲಿ ಮಾಡಿದ. ಬಣವೆ ಅರ್ಧ ಉಳಿಯಿತು, ಮನೆ ಪೂರ್ತಿ ಉಳಿಯಿತು.

ಸುಭದ್ರಾಬಾಯಿ ಇನ್ನೂ ಎದೆ ಬಡಿದುಕೊಳ್ಳುತ್ತಿದ್ದಳು.

"ಸಾಕ್ರಿ ಬಾಯಿ, ಭಾಳ ಚೆಂದ ಅಳ್ತೀರಿ. ಈಗ ಗಾಯ ಆದವರು ಯಾರು, ತೋರಿಸ್ರಿ."

"ಯಾರಿಗೂ ಏನೂ ಆಗಿಲ್ಲ."

"ಹ್ಯಾಂಗ ಆಗ್ತದ್ರಿ ಅದು? ಸ್ಟ್ರೆಚರ್‌ಗೆ ಬ್ಯಾರೆ ಮಾರ್ಕ್ ಅವ."

ಬೀಡಿ ಸೇದುತ್ತ ನಿಂತಿದ್ದ ಮುದುಕ ಏಕನಾಥ ಅವನ ಕಣ್ಣಿಗೆ ಬಿದ್ದ. ಎರಡೇ ನಿಮಿಷದಲ್ಲಿ ಏಕನಾಥನ ತಲೆಗೆ ಪಟ್ಟಿ ಬಿತ್ತು, ಮೈ ಸ್ಟ್ರೆಚರ್‌ನ ಬೆಲ್ಟುಗಳಲ್ಲಿ ಬಿಗಿದುಹೋಯಿತು.

"ತಮ್ಮಾ, ನನಗೇನಾಗಿಲ್ಲೋ."

"ಹಾಂಗೇ ಅನ್ಕೋತ ಇರ್ರಿ ಕಾಕಾ. ಖರೆ ಅನಸ್ತದ."

ಆಗ ಕಲೀಮನ ಫೋನ್ ಬಂತು. "ಎಲ್ಲಿ ಸತ್ತೀರಿ ಭಾಯಿ? ಸಾಹೇಬರು ಸಾಲಿ ಮೈದಾನದಾಗ ಹಳೇ ಟೈರ್ ಹಚ್ಚಿ ನಿಂತಾರ. ಮೂರು ಸಲ ಠಾಣಾಕ್ಕ ಫೋನ್ ಮಾಡಿದ್ರು, ಯಾರೂ ಎತ್ತವಲ್ರು."

ಅಶ್ವಜಿತ ಮೆಲ್ಲಗೆ ಸುಭದ್ರಾಬಾಯಿಯ ಕಡೆ ನೋಡಿದ. "ಬಾಯಿ, ನೀವು ಖರೇನೇ ಅಳ್ಲತ್ತೀರೇನ್ರಿ?"

ಉತ್ತರಕ್ಕೆ ಆಕೆ ಚಪ್ಪಲಿ ಹುಡುಕತೊಡಗಿದಳು. ನಾಲ್ವರೂ ಗಾಡಿ ಹತ್ತಿದರು. ಏಕನಾಥ ಹೊಲದಲ್ಲಿ ಸ್ಟ್ರೆಚರ್ ಮೇಲೆಯೇ ಉಳಿದ.

ಶಾಲೆಯ ಮೈದಾನದಲ್ಲಿ ಪೈಪು ಎರಡು ಸಲ ಸೀನಿ, ಮೂರು ಹನಿ ಉದುರಿಸಿತು. ಟ್ಯಾಂಕ್ ಖಾಲಿ. ಟೈರು ತಾನಾಗಿಯೇ ಆರಿತ್ತು. ಸಾಹೇಬರು ಗಡಿಯಾರ ನೋಡಿದರು. "ಐವತ್ತೆರಡು ನಿಮಿಷ. ಅದೂ ನೀರಿಲ್ಲದೆ." ಅಶ್ವಜಿತ ಬಾಯಿ ತೆರೆಯುವ ಮೊದಲೇ ಅವರು ಚೀಲದಿಂದ ಅರ್ಜಿ ತೆಗೆದು, ಮೇಲೆ ಸಿಟ್ಟಿನಿಂದ ನಾಲ್ಕು ಸಾಲು ಗೀಚಿ ಸಹಿ ಹಾಕಿದರು.

ಅಷ್ಟರಲ್ಲಿ ಟ್ರ್ಯಾಕ್ಟರೊಂದು ಗಾಡಿಯ ಜಾಡು ಹಿಡಿದು ಮೈದಾನಕ್ಕೆ ನುಗ್ಗಿತು. ಟ್ರಾಲಿಯಲ್ಲಿ ಸುಭದ್ರಾಬಾಯಿ, ಅರ್ಧ ಊರು, ಸ್ಟ್ರೆಚರ್ ಸಮೇತ ಏಕನಾಥ. ಬಿಗಿದ ಬೆಲ್ಟು ಬಿಚ್ಚಲು ಊರಲ್ಲಿ ಯಾರಿಗೂ ಬಂದಿರಲಿಲ್ಲ.

ಸುಭದ್ರಾಬಾಯಿ ಸಾಹೇಬರ ಎದುರು ಕೈಮುಗಿದಳು. "ಮಾತು ಜರಾ ಹುಚ್ಚರಂಗ ಆಡ್ತಾನ್ರಿ, ಖರೆ ಕೆಲಸದಾಗ ಹುಲಿ. ನನ್ನ ಮನಿ ಉಳಿಸ್ಯಾನ." ಊರಿನವರು ಮೊಬೈಲು ಒಡ್ಡಿದರು. ಸಾಹೇಬರು ವಿಡಿಯೊ ಎರಡು ಸಲ ನೋಡಿದರು. ಮುಖ ಮೆತ್ತಗಾಯಿತು. ಅಶ್ವಜಿತನ ಹೆಗಲ ಮೇಲೆ ಕೈಯಿಟ್ಟರು.

"ತಪ್ಪು ತಿಳದಿದ್ದೆ ನಿನ್ನ. ಇಂಥವನು ಗಡಿಯೊಳಗ ಹೇಳವ್ರು ಕೇಳವ್ರು ಇಲ್ಲದೇ ಇರೋದು ಅಪಾಯ, ಭಾಲ್ಕಿಯ ಹಿರಿಯರ ಕೈಕೆಳಗ ಹಾಕ್ರಿ, ನಾಳೆಯಿಂದಲೇ, ಅಂತ ಇದರಾಗ ಬರದಿದ್ದೆ."

ಹೇಳುತ್ತ ಅವರು ಅರ್ಜಿಯನ್ನು ನಾಲ್ಕು ತುಂಡು ಮಾಡಿದರು.

"ನಿನ್ನಂಥವನು ಇಲ್ಲಿಂದ ಹೋದ್ರ ಈ ಜನಕ್ಕ ಯಾರು ಗತಿ? ನಾ ಇರೋತನಕ ನಿನ್ನ ಎಲ್ಲಿಗೂ ಕಳ್ಸಂಗಿಲ್ಲ."

ಊರು ಚಪ್ಪಾಳೆ ತಟ್ಟಿತು. ಸ್ಟ್ರೆಚರ್ ಮೇಲಿದ್ದ ಏಕನಾಥನೂ ಬಿಡುವಾಗಿದ್ದ ಬೆರಳುಗಳಿಂದ ತಟ್ಟಿದ. ಸಾಹೇಬರಿಗೆ ಇನ್ನೂ ಎರಡು ವರ್ಷ ಸೇವೆ ಬಾಕಿಯಿತ್ತು.

ಮಧ್ಯಾಹ್ನ ಪೂನಮ ಫೋನ್ ಮಾಡಿದಳು. "ಡ್ರಿಲ್ ಅಂದಿದ್ರಲ್ಲ, ಏನಾತು?"

"ಪಾಸಾದೆ," ಎಂದು ಅಶ್ವಜಿತ ಫೋನಿಟ್ಟು, ಟ್ಯಾಂಕಿಗೆ ನೀರು ತುಂಬಲು ಎದ್ದ.